ಸುದ್ದಿ, ಮೌನ, ಷೇರು: ಟೊರಾಂಟೊ ಪೇಟೆಯ ವಿಂಡ್‌ಫಾಲ್ ಪ್ರಕರಣ

ಗಣಿಗಾರಿಕೆಯ ಷೇರು ಇತರ ಷೇರುಗಳಂಥದಲ್ಲ. ಗಿರಣಿಯ ಷೇರನ್ನು ಕೊಳ್ಳುವವನು ಗಿರಣಿಯನ್ನು ಕಣ್ಣಾರೆ ನೋಡಬಹುದು, ಅದರ ಲೆಕ್ಕಪತ್ರಗಳನ್ನು ಓದಬಹುದು. ಅನ್ವೇಷಣೆಯಲ್ಲಿರುವ ಗಣಿಯ ಷೇರನ್ನು ಕೊಳ್ಳುವವನಿಗಾದರೋ ಸುದ್ದಿಯೊಂದೇ ಆಧಾರ. ಭೂಗರ್ಭದಲ್ಲಿ ಇರುವುದೇನೆಂಬುದನ್ನು ಕೊರೆದವರು ಹೇಳಬೇಕು, ಇವನು ನಂಬಬೇಕು. ಈ ಬಗೆಯ ಷೇರುಗಳು ಕೆನಡಾದಲ್ಲಿ ಪಡೆದಷ್ಟು ಪ್ರಾಮುಖ್ಯವನ್ನು ಬೇರೆ ದೇಶಗಳಲ್ಲಿ ಪಡೆದುದು ಅಪೂರ್ವ. 1934ರಲ್ಲಿ ಟೊರಾಂಟೊ ಷೇರು ವಿನಿಮಯಾಲಯವು ಗಣಿ ಷೇರುಗಳಿಗೆಂದೇ ಇದ್ದ ಸ್ಟ್ಯಾಂಡರ್ಡ್ ವಿನಿಮಯಾಲಯದೊಡನೆ ಒಂದಾದ ಮೇಲೆ, ಬ್ಯಾಂಕು ರೈಲ್ವೆಗಳ ಘನವಾದ ಪತ್ರಗಳೂ ಕೆಲವೇ ಸೆಂಟುಗಳ ಗಣಿ ಷೇರುಗಳೂ ಒಂದೇ ಸೂರಿನ ಕೆಳಗೆ ಮಾರಾಟವಾಗತೊಡಗಿದವು. 1915ರಲ್ಲಿ ಕೋಬಾಲ್ಟ್ ಎಂಬ ಗಣಿಯೂರಿನಲ್ಲಿ ಹುಟ್ಟಿದ ‘ನಾರ್ದರ್ನ್ ಮೈನರ್’ ವಾರಪತ್ರಿಕೆ ಈ ಷೇರುಗಳನ್ನು ಕೊಳ್ಳುವವರ ನಿತ್ಯದ ಓದಾಯಿತು.

1964ರ ಘಟನೆಗಳನ್ನು ಅರಿಯಲು ಅದರ ಹಿಂದಿನ ವರ್ಷದಿಂದ ಆರಂಭಿಸಬೇಕಾಗುತ್ತದೆ. ಆಂಟೇರಿಯೊ ಪ್ರಾಂತದ ಉತ್ತರಭಾಗದಲ್ಲಿರುವ ಟಿಮ್ಮಿನ್ಸ್ ಪಟ್ಟಣದ ಬಳಿ, ಕಿಡ್ ಕ್ರೀಕ್ ಎಂಬಲ್ಲಿ, ಟೆಕ್ಸಸ್ ಗಲ್ಫ್ ಸಲ್ಫರ್ ಎಂಬ ಅಮೆರಿಕದ ಕಂಪನಿಯು 1963ರ ನವೆಂಬರಿನಲ್ಲಿ ಮೊದಲ ಕೊರೆತವನ್ನು ನಡೆಸಿತು. ಮೇಲೆ ಬಂದ ಕಲ್ಲಿನ ಕಂಬಿಯನ್ನು ಪರೀಕ್ಷಿಸಿದಾಗ 602 ಅಡಿಗಳ ಉದ್ದಕ್ಕೆ ಸರಾಸರಿ ಶೇಕಡಾ 1.18 ತಾಮ್ರ, ಶೇಕಡಾ 8.26 ಸತು, ಟನ್ನಿಗೆ 3.94 ಔನ್ಸು ಬೆಳ್ಳಿ ಕಂಡುಬಂದವು. ಒಂದೇ ರಂಧ್ರದಿಂದ ಇಂಥ ಫಲ ದೊರೆಯುವುದು ಅತ್ಯಪೂರ್ವ. ಕಂಪನಿಯು ಬಾಯಿ ಬಿಡಲಿಲ್ಲ. ಸುತ್ತಲ ಭೂಮಿಯನ್ನು ಸದ್ದಿಲ್ಲದೆ ಕೊಳ್ಳತೊಡಗಿತು. ಒಳಗಿನ ವಿಷಯ ತಿಳಿದ ಕೆಲವು ಅಧಿಕಾರಿಗಳು ಅದೇ ಅವಧಿಯಲ್ಲಿ ಕಂಪನಿಯ ಷೇರುಗಳನ್ನು ಕೊಂಡರು. ವದಂತಿ ಹಬ್ಬಿದಾಗ, 1964ರ ಏಪ್ರಿಲ್ 12ರಂದು, ಅವು ಅತಿಶಯೋಕ್ತಿಗಳೆಂದು ಪ್ರಕಟಣೆ ಹೊರಟಿತು. ನಾಲ್ಕು ದಿನಗಳ ತರುವಾಯ, ಏಪ್ರಿಲ್ 16ರಂದು, ಕಡಿಮೆಯೆಂದರೂ ಎರಡೂವರೆ ಕೋಟಿ ಟನ್ ಅದಿರು ಇದೆಯೆಂದು ಅದೇ ಕಂಪನಿ ಸಾರಿತು. ಮೊದಲ ಪ್ರಕಟಣೆಯನ್ನು ನಂಬಿ ತನ್ನ ಷೇರನ್ನು ಮಾರಿಕೊಂಡವನ ಗತಿಯನ್ನು ಓದುಗರೇ ಊಹಿಸಬಹುದು. ಆ ಅಧಿಕಾರಿಗಳ ಮೇಲೆ ಅಮೆರಿಕದಲ್ಲಿ ನಡೆದ ವ್ಯಾಜ್ಯದಲ್ಲಿ, ಒಳಸುದ್ದಿ ಬಲ್ಲವನು ಒಂದೋ ಅದನ್ನು ಬಹಿರಂಗಪಡಿಸಬೇಕು, ಇಲ್ಲವೇ ವ್ಯಾಪಾರದಿಂದ ದೂರವಿರಬೇಕು ಎಂದು ಮೇಲ್ಮನವಿ ನ್ಯಾಯಾಲಯವು 1968ರಲ್ಲಿ ತೀರ್ಪಿತ್ತಿತು.

ಟೊರಾಂಟೊ ಪೇಟೆ ಈ ಪ್ರಸಂಗದಿಂದ ಕಲಿತ ಪಾಠವೇ ಬೇರೆ. ಮೌನವಾಗಿರುವ ಕಂಪನಿಯ ಬಳಿ ನಿಧಿಯಿದೆ ಎಂಬ ನಂಬಿಕೆ ಜನರಲ್ಲಿ ಬೇರೂರಿತು. ವಿಂಡ್‌ಫಾಲ್ ಪ್ರಕರಣದ ಬೀಜ ಇದರಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ವಿಂಡ್‌ಫಾಲ್ ಆಯಿಲ್ಸ್ ಅಂಡ್ ಮೈನ್ಸ್ ಕಂಪನಿಯನ್ನು ನಡೆಸುತ್ತಿದ್ದವರು ಜಾರ್ಜ್ ಮ್ಯಾಕ್‌ಮಿಲನ್ ಮತ್ತು ಅವರ ಪತ್ನಿ ವಯೋಲಾ ಮ್ಯಾಕ್‌ಮಿಲನ್. ಈ ಮಹಿಳೆ ಸಾಮಾನ್ಯರಲ್ಲ. ಗಣಿ ಅನ್ವೇಷಕರ ಸಂಘಕ್ಕೆ 1944ರಿಂದ ಇಪ್ಪತ್ತು ವರ್ಷ ಅಧ್ಯಕ್ಷೆಯಾಗಿದ್ದವರು. ಕಿಡ್ ಕ್ರೀಕಿನ ಸಮೀಪದಲ್ಲಿಯೇ ಅವರ ಕಂಪನಿಗೂ ಭೂಮಿ ದೊರೆತಿತ್ತು. ಜುಲೈ 1ರಂದು ಕೊರೆತ ಆರಂಭವಾಯಿತು; ಸುಮಾರು 530 ಅಡಿಗಳಿಗೆ ಹೋದ ಮೇಲೆ ಆ ವಾರಾಂತ್ಯದಲ್ಲಿ ನಿಂತಿತು. ಮೇಲೆ ಬಂದ ಕಂಬಿಯನ್ನು ಯಾರ ಕಣ್ಣಿಗೂ ಬೀಳದಂತೆ ಇರಿಸಲಾಯಿತು. ಅದರಲ್ಲಿ ಏನಿದೆಯೆಂದು ಕಂಪನಿ ಹೇಳಲಿಲ್ಲ, ಏನೂ ಇಲ್ಲವೆಂದೂ ಹೇಳಲಿಲ್ಲ. ಜುಲೈ 3ರ ಶುಕ್ರವಾರ 56 ಸೆಂಟಿನಲ್ಲಿದ್ದ ಷೇರು ಸೋಮವಾರ ಪೇಟೆ ತೆರೆದೊಡನೆ ಮೇಲೇರತೊಡಗಿ, ಅದೇ ತಿಂಗಳಲ್ಲಿ 5 ಡಾಲರ್ 70 ಸೆಂಟಿನವರೆಗೆ ಮುಟ್ಟಿತು. ವಿನಿಮಯಾಲಯ ವಿವರಣೆ ಕೇಳಿತು. ದೊರೆತುದು ಹಾರಿಕೆಯ ಮಾತು. ವ್ಯಾಪಾರವನ್ನು ತಡೆಯುವ ಅಧಿಕಾರವಿದ್ದೂ ಅದು ತಡೆಯಲಿಲ್ಲ. ಜುಲೈ 30ರಂದು ನಿಜ ಹೊರಬಿತ್ತು: ಲಾಭಕರವಾದ ಅದಿರು ಆ ಕಂಬಿಯಲ್ಲಿ ಇರಲಿಲ್ಲ. ಮರುದಿನ ಷೇರು ಒಂದು ಡಾಲರಿನ ಆಸುಪಾಸಿಗೆ ಕುಸಿಯಿತು.

ನ್ಯಾಯಮೂರ್ತಿ ಆರ್ಥರ್ ಕೆಲಿಯವರ ರಾಜಾಯೋಗದ ವರದಿ 1965ರಲ್ಲಿ ಹೊರಬಂದಿತು. ಏರಿಳಿತದ ಆ ವಾರಗಳಲ್ಲಿ ಮ್ಯಾಕ್‌ಮಿಲನ್ ದಂಪತಿಗಳು ಷೇರು ಮಾರಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಲಾಭ ಪಡೆದಿದ್ದರೆಂದು ಅದು ತೋರಿಸಿತು. ವಿನಿಮಯಾಲಯದ ನಡತೆಯನ್ನೂ ಟೀಕಿಸಿತು. ಇಲ್ಲಿ ಒಂದು ವಿಷಯ ಗಮನಾರ್ಹ. ಈ ಪ್ರಕರಣದಲ್ಲಿ ಸುಳ್ಳನ್ನು ಆಡಿದವರನ್ನು ಹುಡುಕಿದರೆ ಬಹುಪಾಲು ಕಾಣುವುದು ಕೊಂಡವರ ಬಾಯಿಮಾತೇ. ಟಿಮ್ಮಿನ್ಸಿನ ಹೋಟೆಲುಗಳಲ್ಲಿ, ದಲ್ಲಾಳಿಗಳ ಕಚೇರಿಗಳಲ್ಲಿ ಅವರವರೇ ಕಟ್ಟಿದ ಕಥೆಗಳನ್ನು ಕಂಪನಿ ಅಲ್ಲಗಳೆಯಲಿಲ್ಲ, ಅಷ್ಟೆ. ಆಡದ ಮಾತನ್ನು ವಂಚನೆಯೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದು ಮುಂದೆ ತಿಳಿಯಿತು: ವಿಂಡ್‌ಫಾಲಿನ ವಂಚನೆಯ ಆರೋಪದಿಂದ 1969ರಲ್ಲಿ ದಂಪತಿಗಳು ಬಿಡುಗಡೆ ಹೊಂದಿದರು. ವಯೋಲಾ ಅವರು ಕೆಲವು ವಾರ ಸೆರೆವಾಸ ಅನುಭವಿಸಿದುದು ಬೇರೊಂದು ಕಂಪನಿಯ ಷೇರಿನಲ್ಲಿ ನಡೆಸಿದ ಹುಸಿ ವ್ಯಾಪಾರಕ್ಕಾಗಿ. 1978ರಲ್ಲಿ ಅವರಿಗೆ ಕ್ಷಮಾದಾನವೂ 1993ರಲ್ಲಿ ‘ಆರ್ಡರ್ ಆಫ್ ಕೆನಡಾ’ ಗೌರವವೂ ದೊರೆತವು. ಷೇರು ಕೊಂಡು ಕೈಸುಟ್ಟುಕೊಂಡವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿಲ್ಲ.

ಇದೇ 1965ರಲ್ಲಿ ಕಿಂಬರ್ ಸಮಿತಿಯ ವರದಿಯೂ ಬಂದಿತು. ಎರಡರ ಪ್ರಭಾವದಿಂದ ಆಂಟೇರಿಯೊದ 1966ರ ಸೆಕ್ಯುರಿಟೀಸ್ ಶಾಸನ ರೂಪುಗೊಂಡಿತು. ಕಂಪನಿಗಳು ತಿಳಿಸಬೇಕು, ಒಳಗಿನವರು ತಮ್ಮ ವ್ಯಾಪಾರವನ್ನು ವರದಿ ಮಾಡಬೇಕು ಎಂಬುದು ಅದರ ಸಾರ. ಮೌನಕ್ಕೆ ಕಡಿವಾಣ ಬಿದ್ದಿತು.

ಆದರೆ ಮಾತಿಗೆ? ಮೂವತ್ತು ವರ್ಷಗಳ ಬಳಿಕ ಕಾಲ್ಗರಿಯ ಬ್ರೆ-ಎಕ್ಸ್ ಕಂಪನಿಯು ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಚಿನ್ನ ದೊರೆತಿದೆಯೆಂದು ಮೇಲಿಂದ ಮೇಲೆ ಪ್ರಕಟಿಸುತ್ತ ಹೋಯಿತು.  ಕೊರೆತದ ಅಂಕಿಗಳನ್ನೂ ಕೊಟ್ಟಿತು. 1997ರ ಫೆಬ್ರವರಿಯ ಹೊತ್ತಿಗೆ ಅಂದಾಜು 7 ಕೋಟಿ 10 ಲಕ್ಷ ಔನ್ಸಿಗೆ ಏರಿತ್ತು. ಷೇರುಗಳ ಒಟ್ಟು ಬೆಲೆ ಒಂದು ಹಂತದಲ್ಲಿ ಸುಮಾರು 600 ಕೋಟಿ ಡಾಲರು. ಕೊಂಡವರಲ್ಲಿ ದೊಡ್ಡ ಪಿಂಚಣಿ ನಿಧಿಗಳೂ ಇದ್ದವು. ಮಾರ್ಚಿಯಲ್ಲಿ ಮತ್ತೊಂದು ಕಂಪನಿಯ ಮರುಕೊರೆತದಲ್ಲಿ ಚಿನ್ನ ಗಣನೀಯವಾಗಿ ಸಿಗಲಿಲ್ಲ. ಮಾದರಿಗಳಲ್ಲಿ ಹೊರಗಿನ ಚಿನ್ನವನ್ನು ಬೆರೆಸಲಾಗಿದೆಯೆಂದು ಸ್ಟ್ರಾತ್‌ಕೋನಾ ಸಂಸ್ಥೆ ಮೇ ತಿಂಗಳಲ್ಲಿ ನಿರ್ಣಯವಿತ್ತಿತು. 1966ರ ಶಾಸನ ಬಯಸಿದ ಬಹಿರಂಗತೆ ಇಲ್ಲಿ ಯಥೇಚ್ಛವಾಗಿತ್ತು; ಬಹಿರಂಗವಾದುದು ಮಾತ್ರ ಸುಳ್ಳು. ಇದರ ಫಲವಾಗಿ 2001ರಲ್ಲಿ ಜಾರಿಗೆ ಬಂದ 43-101 ಎಂಬ ರಾಷ್ಟ್ರೀಯ ನಿಯಮವು, ಅದಿರಿನ ಪ್ರಮಾಣವನ್ನು ಹೇಳುವ ಪ್ರತಿಯೊಂದು ಪ್ರಕಟಣೆಯ ಹಿಂದೆಯೂ ಅರ್ಹನಾದ ತಜ್ಞನೊಬ್ಬನು ಹೊಣೆಗಾರನಾಗಿ ನಿಲ್ಲಬೇಕೆಂದು ವಿಧಿಸಿತು. ಆ ತಜ್ಞನ ಹೆಸರು ಅಂದಿನಿಂದ ಪ್ರಕಟಣೆಯಲ್ಲಿಯೇ ಅಚ್ಚಾಗತೊಡಗಿತು.