ಎಪ್ಪತ್ತರ ಮೆದುಳು, ಹನ್ನೊಂದರ ಲೆಡ್ಜರ್

1947 ಜೂನ್ 4. ಸ್ಕಾಟ್ಲೆಂಡಿನ ಶಾಲೆಗಳಲ್ಲಿ 1936ರಲ್ಲಿ ಹುಟ್ಟಿದ 70,805 ಮಕ್ಕಳು ಒಂದೇ ದಿನ ಒಂದೇ ಬುದ್ಧಿಪರೀಕ್ಷೆ ಬರೆದ್ರು. ಅಂಕಗಳು ಲೆಡ್ಜರ್ ಸೇರಿದ್ವು. ಆಮೇಲೆ ಸುಮಾರು ಅರ್ಧ ಶತಮಾನ ಅವನ್ನ ಹೆಚ್ಚುಕಮ್ಮಿ ಎಲ್ಲರೂ ಮರೆತೇಬಿಟ್ರು.

1990ರ ದಶಕದ ಕೊನೆಯಲ್ಲಿ ಲಾರೆನ್ಸ್ ವ್ಹಾಲಿ, ಇಯಾನ್ ಡಿಯರಿ ಅನ್ನೋ ಸಂಶೋಧಕರು ಆ ಪುಸ್ತಕಗಳ ಧೂಳು ಕೊಡವಿದ್ರು. 2004ರಿಂದ ಎಡಿನ್‌ಬರ್ಗ್ ಸುತ್ತಮುತ್ತ ಅದೇ ವರ್ಷ ಹುಟ್ಟಿದ 1,091 ಜನರನ್ನ ಸೇರಿಸಿದ್ರು. ಎಲ್ಲರಿಗೂ ಎಪ್ಪತ್ತರ ಆಸುಪಾಸು. ಮತ್ತೆ ಅದೇ ಪರೀಕ್ಷೆ. ಸುಮಾರು 73ಕ್ಕೆ ಎಂಆರ್‌ಐ ಸ್ಕ್ಯಾನ್.

ಮೆದುಳಿನ ಹೊರಪದರ ದಪ್ಪ ಇದ್ದವರು ಪರೀಕ್ಷೆಯಲ್ಲೂ ಸ್ವಲ್ಪ ಮುಂದಿದ್ರು. ನಾವಾದ್ರೆ ಏನಂತೀವಿ? ಮೆದುಳು ಸವೆದಿಲ್ಲ, ಅದಕ್ಕೇ ಚುರುಕು ಅಂತೀವಿ. ಆದ್ರೆ 11ನೇ ವಯಸ್ಸಿನ ಅಂಕ ಲೆಕ್ಕಕ್ಕೆ ತಗೊಂಡಾಗ, ಆ ನಂಟಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಅಲ್ಲೇ ಕರಗಿಹೋಯ್ತು. ಅಂದ್ರೆ ಆ ವ್ಯತ್ಯಾಸ ಬಹುಪಾಲು ಬಾಲ್ಯದಿಂದಲೇ ಬಂದಿದ್ದು. ಇದು ಪ್ರಕಟವಾಗಿದ್ದು 2014ರಲ್ಲಿ.

ಬಿಕಾಂನಲ್ಲಿ ಕಲಿತ ಪಾಠವೇ ಇದು: ಓಪನಿಂಗ್ ಬ್ಯಾಲೆನ್ಸ್ ನೋಡದೆ ಕ್ಲೋಸಿಂಗ್ ಬ್ಯಾಲೆನ್ಸ್ ಮಾತ್ರ ನೋಡಿದ್ರೆ, ಎಷ್ಟು ಕಳ್ಕೊಂಡ್ರು ಅಂತ ಹೇಳೋಕಾಗಲ್ಲ. ಒಂದೇ ಸ್ಕ್ಯಾನ್ ಹಿಡ್ಕೊಂಡು ಅಜ್ಜ-ಅಜ್ಜಿಯ ಬುದ್ಧಿ ಅಳೆಯೋಕೆ ಹೊರಟೋರು ಮೊದಲು ಅವರ ಹಳೇ ಲೆಡ್ಜರ್ ಎಲ್ಲಿ ಅಂತ ಕೇಳ್ಬೇಕು.