ಮೋಟಾರಿನ ಕ್ಲಚ್ಚು: ಸುಖದ ಹಿಂದಿನ ಶ್ರಮ

ರಾಜರ ಚರಿತ್ರೆಯನ್ನು ಬರೆದಿಡುವವರು ಎಲ್ಲ ಕಾಲದಲ್ಲಿಯೂ ಉಂಟು. ದಿನದಿನವೂ ನಮ್ಮ ಕೈಗೆ ಕಾಲಿಗೆ ಒದಗುವ ಸಾಧನಗಳ ಚರಿತ್ರೆಯನ್ನು ಕೇಳುವವರು ಮಾತ್ರ ವಿರಳ. ಮೋಟಾರು ಬಂಡಿಯ ಕ್ಲಚ್ಚು ಇಂತಹ ಸಾಧನಗಳಲ್ಲೊಂದು. ಚಾಲಕನ ಎಡಗಾಲಿನ ಕೆಳಗಿರುವ ಪೆಡಲು ನಮ್ಮ ಕಣ್ಣಿಗೆ ಬೀಳುತ್ತದೆ; ಉಳಿದುದೆಲ್ಲ ಲೋಹದ ಕವಚದೊಳಗೆ ಅಡಗಿರುತ್ತದೆ. ಆ ಕವಚವನ್ನು ತೆರೆದು ನೋಡಿದರೆ, ಒಬ್ಬರ ಸುಖವು ಮತ್ತೊಬ್ಬರ ಶ್ರಮವಾಗಿ ಮಾರ್ಪಡುವ ಬಗೆ ನಮಗೆ ತಿಳಿದುಬರುತ್ತದೆ.

ಮೊದಲು ಕ್ಲಚ್ಚು ಏಕೆ ಬೇಕಾಯಿತೆಂಬುದನ್ನು ನೋಡೋಣ. ಉಗಿಯ ಯಂತ್ರವು ನಿಂತಲ್ಲಿಂದಲೇ ಭಾರವನ್ನೆಳೆಯಬಲ್ಲುದು. ಪೆಟ್ರೋಲ್ ಯಂತ್ರಕ್ಕೆ ಆ ಶಕ್ತಿಯಿಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು, ಆಮೇಲೆ ಬಂಡಿಯನ್ನೆಳೆಯಬೇಕು. ತಿರುಗುವ ಯಂತ್ರವನ್ನೂ ನಿಂತಿರುವ ಗಾಲಿಗಳನ್ನೂ ಮೆಲ್ಲಮೆಲ್ಲನೆ ಕೂಡಿಸುವುದು, ಗೇರನ್ನು ಬದಲಾಯಿಸುವಾಗ ಕ್ಷಣಕಾಲ ಅವುಗಳನ್ನು ಅಗಲಿಸುವುದು, ಇವೇ ಕ್ಲಚ್ಚಿನ ಕೆಲಸ.

1891ರಲ್ಲಿ ಫ್ರಾನ್ಸಿನ ಎಮಿಲ್ ಲೆವಸ್ಸೋರನು ಯಂತ್ರವನ್ನು ಬಂಡಿಯ ಮುಂಭಾಗದಲ್ಲಿಟ್ಟು, ಅದರ ಹಿಂದೆ ಕ್ಲಚ್ಚನ್ನೂ, ಅದರ ಹಿಂದೆ ಗೇರುಗಳನ್ನೂ ಜೋಡಿಸಿ, ಹಿಂದಿನ ಗಾಲಿಗಳನ್ನು ತಿರುಗಿಸುವ ಕ್ರಮವನ್ನು ಏರ್ಪಡಿಸಿದನು. 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋ ನಗರಕ್ಕೆ ಹೋಗಿಬರುವ ಪಂದ್ಯದಲ್ಲಿ ಆತನು ಸುಮಾರು 1,200 ಕಿಲೋಮೀಟರುಗಳ ದಾರಿಯನ್ನು 48 ಗಂಟೆ 48 ನಿಮಿಷಗಳಲ್ಲಿ ಕ್ರಮಿಸಿ ಎಲ್ಲರಿಗಿಂತ ಮೊದಲು ಬಂದನು. ಆದರೆ ಅವನದು ಇಬ್ಬರು ಕೂರುವ ಬಂಡಿಯಾದುದರಿಂದ ಪಂದ್ಯದ ನಿಯಮದಂತೆ ಪ್ರಥಮ ಬಹುಮಾನ ಬೇರೊಬ್ಬರ ಪಾಲಾಯಿತು. ಮರುವರ್ಷದ ಪಂದ್ಯದಲ್ಲಿ ಪೆಟ್ಟುತಿಂದು 1897ರಲ್ಲಿ ಆತನು ತೀರಿಕೊಂಡನು. ಅವನು ಹಾಕಿಕೊಟ್ಟ ಕ್ರಮ ಮಾತ್ರ ಬಹುಕಾಲ ಬಾಳಿತು.

ಆ ಕಾಲದ ಬಂಡಿಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದುದು ಶಂಕುವಿನಾಕಾರದ ಕ್ಲಚ್ಚು. ಚರ್ಮ ಹೊದಿಸಿದ ಶಂಕುವು ಫ್ಲೈವೀಲೆಂಬ ಭಾರಚಕ್ರದ ಗುಳಿಯಲ್ಲಿ ಒತ್ತಿ ಕೂರುತ್ತಿತ್ತು. ಬುಗುರಿಯ ಮೊನೆ ಕುಳಿಯಲ್ಲಿ ನಿಲ್ಲುವಂತೆ ಅದು ತನ್ನ ನಡುವನ್ನು ತಾನೇ ಕಂಡುಕೊಳ್ಳುತ್ತಿತ್ತು. ಆದರೆ ಅದರ ಸ್ವಭಾವ ಒರಟು. ಚರ್ಮ ಒಣಗಿದರೆ ಥಟ್ಟನೆ ಹಿಡಿದು ಬಂಡಿಯನ್ನು ನೆಗೆಯಿಸುವುದು. ಜಿಡ್ಡು ತಾಗಿದರೆ ಜಾರುವುದು. ಒಣಗಿದ ಚರ್ಮಕ್ಕೆ ಹರಳೆಣ್ಣೆಯನ್ನು ಸವರುವುದೂ, ಜಾರುವ ಚರ್ಮಕ್ಕೆ ಜಿಡ್ಡು ಹೀರುವ ಮಣ್ಣಿನ ಪುಡಿಯನ್ನು ಎರಚುವುದೂ ಚಾಲಕರ ನಿತ್ಯಕರ್ಮಗಳಾಗಿದ್ದುವು.

ಇದಕ್ಕೆ ಪರಿಹಾರವಾಗಿ ಬಂದುದು ಒಂದೇ ಪ್ಲೇಟಿನ ಒಣ ಕ್ಲಚ್ಚು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡನು 1897ರಲ್ಲಿ ಕುದುರೆಗಾಡಿಗಳ ಬ್ರೇಕಿಗಾಗಿ ಒಳ್ಳೆಯ ಘರ್ಷಣ ವಸ್ತುವನ್ನು ಹುಡುಕಲು ತೊಡಗಿದನು. 1908ರ ವೇಳೆಗೆ ಅವನು ಕಲ್ನಾರನ್ನು ಉಪಯೋಗಿಸಲಾರಂಭಿಸಿದನು. ಬೆಂಕಿಗೆ ಬೆದರದ ಈ ನಾರಿನ ಹೊದಿಕೆಯುಳ್ಳ ತೆಳು ಪ್ಲೇಟು, ಭಾರಚಕ್ರಕ್ಕೂ ಸ್ಪ್ರಿಂಗುಗಳು ಒತ್ತುವ ಮತ್ತೊಂದು ತಟ್ಟೆಗೂ ನಡುವೆ ಸಿಕ್ಕಿ ನಯವಾಗಿ ಹಿಡಿಯುವುದು. ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಇದೇ ಸಾಮಾನ್ಯವಾಯಿತು. ಚಾಲಕನ ಹರಳೆಣ್ಣೆಯ ಸೇವೆ ಅಲ್ಲಿಗೆ ಮುಗಿಯಿತು.

ಆದರೆ ಶಂಕುವಿಗಿದ್ದ ಒಂದು ಗುಣ ಪ್ಲೇಟಿಗಿಲ್ಲ. ಅದು ತನ್ನ ನಡುವನ್ನು ತಾನು ಅರಿಯದು. ಗೇರು ಪೆಟ್ಟಿಗೆಯಿಂದ ಮುಂದಕ್ಕೆ ಚಾಚಿದ ದಂಡವು ಪ್ಲೇಟಿನ ಹಲ್ಲುಗಂಡಿಯನ್ನು ತೂರಿ, ಯಂತ್ರದ ದಂಡದ ತುದಿಯಲ್ಲಿರುವ ಸಣ್ಣ ಬೇರಿಂಗಿನಲ್ಲಿ ತನ್ನ ಮೂತಿಯನ್ನಿಟ್ಟು ನಿಲ್ಲುತ್ತದೆ. ಪೆಟ್ಟಿಗೆಯನ್ನು ಬಿಚ್ಚಿ ಹೊಸ ಪ್ಲೇಟನ್ನು ಹಾಕುವಾಗ ಅದಕ್ಕೆ ಆ ದಂಡದ ಆಸರೆಯಿಲ್ಲ. ತನ್ನ ಭಾರಕ್ಕೆ ತಾನೇ ಒಂದಿಷ್ಟು ಕೆಳಕ್ಕೆ ಜಗ್ಗುತ್ತದೆ. ಹಾಗೆಯೇ ಬೋಲ್ಟುಗಳನ್ನು ಬಿಗಿದರೆ ಸ್ಪ್ರಿಂಗುಗಳು ಅದನ್ನು ತಪ್ಪಿದ ಜಾಗದಲ್ಲಿಯೇ ಹಿಡಿದುಬಿಡುತ್ತವೆ. ಬಂಡಿಯ ಕೆಳಗೆ ಮಲಗಿ ಭಾರವಾದ ಪೆಟ್ಟಿಗೆಯನ್ನೆತ್ತುವ ಮೇಸ್ತ್ರಿಗೆ ಆಗ ದಂಡವು ಒಳಕ್ಕೆ ಹೋಗದು. ಬೇಸತ್ತು ಪೆಟ್ಟಿಗೆಯ ಬೋಲ್ಟುಗಳನ್ನು ತಿರುಗಿಸಿ ಬಲವಂತವಾಗಿ ಎಳೆದನೋ, ಕವಚ ಸೀಳಬಹುದು. ಪೆಟ್ಟಿಗೆಯ ಭಾರವನ್ನು ಪ್ಲೇಟಿನ ಮೇಲೆ ತೂಗುಬಿಟ್ಟನೋ, ಪ್ಲೇಟು ಸೊಟ್ಟಗಾಗಬಹುದು. ಸೊಟ್ಟ ಪ್ಲೇಟು ಪೆಡಲನ್ನೊತ್ತಿದರೂ ಪೂರ್ತಿಯಾಗಿ ಬಿಡದು. ಗೇರುಗಳು ಕರಕರನೆ ಅರಚುವುವು.

ಬಲ್ಲ ಮೇಸ್ತ್ರಿಯ ಉಪಾಯ ಸರಳ. ಹಳೆಯ ಪೆಟ್ಟಿಗೆಯೊಂದರ ದಂಡವನ್ನೋ, ಅದೇ ಅಳತೆಗೆ ಕಡೆದ ಮರದ ಗೂಟವನ್ನೋ ಆತನು ಪ್ಲೇಟಿನ ಗಂಡಿಯ ಮೂಲಕ ಬೇರಿಂಗಿನವರೆಗೆ ತೂರಿಸುತ್ತಾನೆ. ಅದು ಅಲ್ಲಿರುವಾಗಲೇ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಕಡೆಗೆ ಗೂಟವನ್ನು ಹೊರಕ್ಕೆಳೆಯುತ್ತಾನೆ. ಗೂಟ ಸಲೀಸಾಗಿ ಬಂದರೆ ನಡು ಕೂಡಿತೆಂದು ಅರ್ಥ. ಶಂಕುವು ತಾನಾಗಿ ಮಾಡಿಕೊಳ್ಳುತ್ತಿದ್ದುದನ್ನು ಈಗ ಮನುಷ್ಯನ ಕೈ ಮಾಡಬೇಕಾಯಿತು.

ಆ ಕೈ ತೆತ್ತ ಬೆಲೆ ಇಷ್ಟೇ ಅಲ್ಲ. ಸವೆದ ಪ್ಲೇಟಿನ ಹೊದಿಕೆ ಧೂಳಾಗಿ ಕವಚದೊಳಗೆ ಕೂರುತ್ತದೆ. ಕವಚವನ್ನು ತೆರೆದವನು ಅದನ್ನು ಬ್ರಷ್ಷಿನಿಂದ ಒರೆಸುತ್ತಿದ್ದನು, ಇಲ್ಲವೇ ಗಾಳಿಯಿಂದ ಊದುತ್ತಿದ್ದನು. 1924ರಲ್ಲಿಯೇ ಡಬ್ಲ್ಯು. ಇ. ಕುಕ್ ಎಂಬ ವೈದ್ಯರು, ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಮೃತಳಾದ ಗಿರಣಿಯ ಕಾರ್ಮಿಕಳೊಬ್ಬಳ ವಿಷಯವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 1931ರಲ್ಲಿ ಬ್ರಿಟಿಷ್ ಸರ್ಕಾರವು ಧೂಳಿನ ನಿಯಮಗಳನ್ನು ಮಾಡಿತಾದರೂ ಅವು ನೂಲುವ ಗಿರಣಿಗಳಂತಹ ಕಾರ್ಖಾನೆಗಳನ್ನು ಮುಖ್ಯವಾಗಿ ಉದ್ದೇಶಿಸಿದುವು. ಮೋಟಾರು ಷೆಡ್ಡಿನ ಮೇಸ್ತ್ರಿಯವರೆಗೆ ಅವುಗಳ ರಕ್ಷೆ ಬರಲಿಲ್ಲ. ಆ ದೇಶದಲ್ಲಿ ಕಲ್ನಾರು ಸಂಪೂರ್ಣವಾಗಿ ನಿಷಿದ್ಧವಾದುದು 1999ರಲ್ಲಿ.

ಇತ್ತ ಚಾಲಕನ ಸುಖ ಬೆಳೆಯುತ್ತಲೇ ಇತ್ತು. 1928ರಲ್ಲಿ ಕ್ಯಾಡಿಲಾಕ್ ಬಂಡಿಯಲ್ಲಿ ಗೇರುಗಳ ವೇಗವನ್ನು ಸರಿಹೊಂದಿಸುವ ಸಿಂಕ್ರೋಮೆಷ್ ಬಂದಿತು. 1939ರಲ್ಲಿ ಓಲ್ಡ್ಸ್‌ಮೊಬೀಲ್ ಬಂಡಿಯು ಕ್ಲಚ್ಚಿನ ಪೆಡಲನ್ನೇ ತೆಗೆದುಹಾಕಿತು. ಇಂತಹ ಸುಧಾರಣೆಗಳನ್ನು ನಾವು ಪ್ರಗತಿಯೆಂದು ಕರೆಯುವುದು ತಪ್ಪಲ್ಲ. ಆದರೆ ಶ್ರಮವು ನಮ್ಮ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಅದು ಇಲ್ಲವಾಯಿತೆಂದು ಎಣಿಸುವುದು ತಪ್ಪು. ಬಂಡಿ ನೆಗೆಯದೆ, ಅರಚದೆ ಹೊರಟಾಗ ಚಾಲಕನ ಕಾಲಿನ ಚಾತುರ್ಯವನ್ನು ಮೆಚ್ಚುವ ನಾವು, ಬಂಡಿಯ ಕೆಳಗೆ ಮಲಗಿ ಅದರ ನಡುವನ್ನು ಕೂಡಿಸಿದ ಕೈಯನ್ನೂ ನೆನೆಯುವುದು ನ್ಯಾಯ.