ಎದೆಯ ಗೆರೆ ಮನೆಗೆ ಬಂತು, ಓದೋರು ಎಲ್ಲಿದ್ದಾರೆ?

ಮೆಟ್ರೊದಲ್ಲಿ ಕೂತು ಕೇಳ್ತಾ ಇದ್ದೀರಾ? ನೇರಳೆ ಮಾರ್ಗದಲ್ಲಿದ್ರೆ ಇವತ್ತಿನ ಕತೆ ಹಲಸೂರು ನಿಲ್ದಾಣದಿಂದಲೇ ಶುರು. 2011ರಲ್ಲಿ ಇಲ್ಲಿ ರೈಲು ಓಡಾಡೋಕೆ ಶುರುವಾಯ್ತು. ಆಮೇಲೆ ಕೆಲವೇ ವರ್ಷಗಳಲ್ಲಿ ಇದೇ ನಿಲ್ದಾಣದ ಕೆಳಗೆ 'ವರ್ಕ್‌ಬೆಂಚ್ ಪ್ರಾಜೆಕ್ಟ್ಸ್' ಅನ್ನೋ ಮೇಕರ್‌ಸ್ಪೇಸ್ ಬಂತು. ಆಸಕ್ತಿ ಇರೋ ಯಾರು ಬೇಕಾದ್ರೂ ಹೋಗಿ, ಬೆಸುಗೆ ಹಾಕಿ, ತಮಗೆ ಬೇಕಾದ್ದನ್ನ ತಾವೇ ಮಾಡ್ಕೊಳ್ಳೋ ಜಾಗ. ಇಂಥ ಒಂದು ಮೇಜಿನ ಮೇಲೆ ಇವತ್ತು ನಮ್ಮದೇ ಹೃದಯದ ಇಸಿಜಿ ತೆಗೆಯಬಹುದು.

ಆದರೆ ಈ ಗೆರೆ ಇಲ್ಲಿಗೆ ಬಂದ ದಾರಿ ಉದ್ದ. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನ ಮೊದಲ ಸಲ ದಾಖಲಿಸಿದ. ಉಪ್ಪುನೀರಲ್ಲಿ ಕಾಲಿಟ್ಟು ನಿಲ್ತಿದ್ದ ಅವನ ಬುಲ್‌ಡಾಗ್ ಜಿಮ್ಮಿಯೂ ಈ ಪ್ರಯೋಗದಿಂದಲೇ ಹೆಸರಾಯ್ತು. ಆಮೇಲೆ ಬಂದವನು ನೆದರ್‌ಲ್ಯಾಂಡ್ಸ್‌ನ ಐಂಥೋವೆನ್. ಅವನ ಯಂತ್ರದ ತೂಕ ಸುಮಾರು 270 ಕೆಜಿ, ನಡೆಸೋಕೆ ಐದು ಜನ ಬೇಕು. ರೋಗಿ ಎರಡು ಕೈ, ಒಂದು ಕಾಲನ್ನ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಕೊಂಡು ಕೂರಬೇಕು. ಇಸಿಜಿ ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟಿದ್ದೂ ಅವನೇ. 1924ರಲ್ಲಿ ನೊಬೆಲ್ ಬಂತು.

ಅಷ್ಟು ಭಾರದ ಯಂತ್ರವನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗೋಕಾಗುತ್ತಾ? ಅದಕ್ಕೇ 1905ರಲ್ಲಿ ಅವನು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ರೋಗಿಗಳ ಸಿಗ್ನಲ್ಲನ್ನ ಟೆಲಿಫೋನ್ ತಂತಿಯಲ್ಲಿ ತನ್ನ ಪ್ರಯೋಗಾಲಯಕ್ಕೆ ತರಿಸ್ಕೊಂಡ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ಆ 270 ಕೆಜಿಯ ಕೆಲಸವನ್ನ ಉಗುರಿಗಿಂತ ಚಿಕ್ಕ ಚಿಪ್ ಮಾಡುತ್ತೆ. ಹವ್ಯಾಸಿಗಳಿಗೆ ಎಡಿ8232 ಚಿಪ್ಪಿನ ಬೋರ್ಡ್ ಚೆನ್ನಾಗಿ ಗೊತ್ತು. ನಮ್ಮ ಬೆಂಗಳೂರಿನದೇ ಪ್ರೊಟೊಸೆಂಟ್ರಲ್ ಕಂಪನಿ 'ಹೆಲ್ದಿಪೈ' ಅನ್ನೋ ಬೋರ್ಡ್ ಮಾಡಿ, ಅದರ ಸರ್ಕ್ಯೂಟು, ಕೋಡು ಎಲ್ಲವನ್ನೂ ಜಗತ್ತಿಗೆ ತೆರೆದಿಟ್ಟಿದೆ. ಸಿಗ್ನಲ್ ಹೇಗೆ ಸೋಸಿದ್ರು ಅಂತ ಬೇಕಾದವರು ತೆಗೆದು ನೋಡಬಹುದು. ಮುಚ್ಚಿದ ಡಬ್ಬಿಯಲ್ಲಿ ಈ ಸೌಲಭ್ಯ ಇಲ್ಲ.

ಕೆಲಸ ಮಾತ್ರ ಸೂಕ್ಷ್ಮ. ಚರ್ಮದ ಮೇಲೆ ಸಿಗೋ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್. ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನ ನಮ್ಮ ಮೈ ಆಂಟೆನಾ ಥರ ಹಿಡಿಯುತ್ತೆ. ಮೂರನೇ ಪ್ಯಾಚ್ ಇರೋದು ಆ ಗದ್ದಲ ತಗ್ಗಿಸೋಕೆ. ಒಂದು ಎಚ್ಚರಿಕೆ: ಬ್ಯಾಟರಿಯಲ್ಲೇ ನಡೆಸಿ. ಮೈಗೆ ತಂತಿ ಅಂಟಿಸ್ಕೊಂಡು ಲ್ಯಾಪ್‌ಟಾಪನ್ನ ಚಾರ್ಜಿಗೆ ಹಾಕಬೇಡಿ.

ಈಗ ಅಸಲಿ ವಿಷಯ. 2021ರ ಅಕ್ಟೋಬರ್ 29. ಅಪ್ಪು ಹೋದ ದಿನ. ಅದಾದ ಮೇಲೆ ಹೃದಯ ತಪಾಸಣೆಗೆ ಹುಡುಗರೂ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಆ ಭಯ ಇನ್ನೂ ಹೋಗಿಲ್ಲ. ಮನೆಯಲ್ಲೇ ಒಂದು ಗೆರೆ ತೆಗೆದು 'ಸರಿ ಇದೆ' ಅಂತ ಸಮಾಧಾನ ಪಟ್ಕೊಳ್ಳೋ ಆಸೆ ಸಹಜ. ಆದರೆ ಮೂರು ಪ್ಯಾಚಿನ ಬೋರ್ಡ್ ಹೃದಯವನ್ನ ಒಂದೇ ಕಿಟಕಿಯಿಂದ ನೋಡುತ್ತೆ. ಆಸ್ಪತ್ರೆಯ ಇಸಿಜಿ ಹತ್ತು ಎಲೆಕ್ಟ್ರೋಡ್ ಇಟ್ಟು ಹನ್ನೆರಡು ಕಡೆಯಿಂದ ನೋಡುತ್ತೆ. ಹೃದಯಾಘಾತದ ಶುರುವಿನಲ್ಲಿ ಅದೂ ಕೆಲವೊಮ್ಮೆ ಸರಿಯಾಗೇ ಕಾಣಬಹುದು. ಹಾಗಾಗಿ ಮನೆಯ ಗೆರೆ ಕಲಿಯೋಕೆ ಒಳ್ಳೇದು, ಧೈರ್ಯ ತಗೊಳ್ಳೋಕಲ್ಲ.

ಈಗ 1905ರ ತಂತಿಗೆ ವಾಪಸ್ ಬರೋಣ. ಪುನೀತ್ ಹೆಸರಲ್ಲೇ ರಾಜ್ಯ ಸರ್ಕಾರ ಮಾಡಿರೋ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತೆ. ಬೇಕಿದ್ರೆ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಉಚಿತ. ಯಂತ್ರ ಎಷ್ಟೇ ಚಿಕ್ಕದಾದ್ರೂ ತಂತಿಯ ಆ ತುದಿಯಲ್ಲಿ ಓದಬಲ್ಲವರು ಇರಬೇಕು. ಐಂಥೋವೆನ್ ಕಾಲದಿಂದ ಇದೊಂದು ಬದಲಾಗಿಲ್ಲ.

ಬೋರ್ಡ್ ತಗೊಳ್ಳಿ, ಜೋಡಿಸಿ, ನಿಮ್ಮ ಎದೆಬಡಿತ ಸ್ಕ್ರೀನ್ ಮೇಲೆ ಓಡೋದನ್ನ ನೋಡಿ ಖುಷಿಪಡಿ. ಆದರೆ ಎದೆ ನೋವು ಬಂದ ದಿನ ಪ್ಯಾಚ್ ಹುಡುಕ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಶಿವಾಜಿನಗರದಲ್ಲಿ ಬೌರಿಂಗ್ ಇದೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ ಇದೆ. ಗೆರೆ ಓದೋರು ಅಲ್ಲಿದ್ದಾರೆ.